ಕೃತಜ್ಞತೆಯ ಸಾಲು

ಮೇರಾಂ, ಜಿನೀವಾ
ಸೆಪ್ಟೆಂಬರ್ 11

ಪ್ರೀತಿಯ ರಾಡೊ ಮಾವ,

ಇವತ್ತು ಬೆಳಿಗ್ಗೆ ನಮ್ಮ ಪ್ರಯೋಗಾಲಯದ ಕಾರಿಡಾರಿನಲ್ಲಿ ಅಂಟಿಸಿದ ಗ್ರಾಫಿನ ಮೇಲೆ ಒಂದು ನೊಣ ಕೂತಿತ್ತು. ಆ ಗ್ರಾಫಿನಲ್ಲಿ ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತ ಬರುತ್ತವೆ. ಕೆಳಗಿನ ಅಂಕಿಗಳಲ್ಲಿ ನೂರಿಪ್ಪತ್ತರಿಂದ ನೂರಮೂವತ್ತರವರೆಗೆ ಮಾತ್ರ ಏನೂ ಇಲ್ಲ, ಬರೀ ಬಿಳಿ ಜಾಗ. ಹಿಗ್ಸ್ ಕಣ ಮ್ಯುಯಾನು ಎಂಬ ಎರಡು ಸಣ್ಣ ಕಣಗಳಾಗಿ ಒಡೆದದ್ದು ಕಾಣಬೇಕಾದದ್ದು ಅಲ್ಲೇ. ಅಳೆಯುವ ವಿಧಾನವೆಲ್ಲ ಅಂತಿಮವಾಗುವ ತನಕ ಆ ಭಾಗವನ್ನು ಯಾರೂ ನೋಡುವಂತಿಲ್ಲ. ನೋಡಿದರೆ ಆಸೆ ಕಣ್ಣನ್ನು ಕೆಡಿಸುತ್ತದಂತೆ. ಇದಕ್ಕೆ ಇಲ್ಲಿಯವರು 'ಪೆಟ್ಟಿಗೆ ಮುಚ್ಚಿದೆ' ಎನ್ನುತ್ತಾರೆ. ನೊಣ ಸರಿಯಾಗಿ ಆ ಪೆಟ್ಟಿಗೆಯೊಳಗೆ ಕೂತಿತ್ತು.

ಕಾಫಿ ಹಿಡಿದು ಬಂದ ತಾಸೋಸ್, "ಏ, ಯಾರೂ ಓಡಿಸ್ಬೇಡ್ರೋ! ಈ ವರ್ಷ ನಮಗೆ ಸಿಕ್ಕಿದ ಮೊದಲ್ನೇ ಚುಕ್ಕೆ ಅದು" ಅಂದ. ತಾಸೋಸ್ ಗ್ರೀಸಿನವನು, ಪಿಎಚ್‌ಡಿ ಮಾಡುತ್ತ ಐದನೇ ವರ್ಷ. ಪೆಟ್ಟಿಗೆ ತೆರೆಯುವ ತನಕ ಗಡ್ಡ ತೆಗೆಯುವುದಿಲ್ಲವೆಂದು ಹರಕೆ ಹೊತ್ತಿದ್ದಾನೆ. ನನ್ನನ್ನು 'ಕವಯಿತ್ರಿ' ಎಂದು ಕರೆಯುತ್ತಾನೆ. ನಾನು ಒಂದು ಪದ್ಯವನ್ನೂ ಬರೆದಿಲ್ಲ ಎಂದರೆ, "ಅದಕ್ಕೇ ಇಷ್ಟು ಗಂಭೀರವಾಗಿದೀಯ" ಎನ್ನುತ್ತಾನೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಇವರು ಬರೆದ ಲೇಖನದ ಭಾಷೆ ತಿದ್ದುವುದು. ಲುಬ್ಲಿಯಾನಾದಲ್ಲಿ ನಾಲ್ಕು ವರ್ಷ ಸಾಹಿತ್ಯ ಓದಿದವಳು ಈಗ ಸಂಖ್ಯೆಗಳಿಲ್ಲದ ವಾಕ್ಯಗಳನ್ನು ತಿದ್ದುತ್ತಿದ್ದೇನೆ. ನಿಜವಾಗಿಯೂ ಸಂಖ್ಯೆಗಳಿಲ್ಲ. ಲೇಖನ ಪೂರ್ತಿ ಬರೆದಾಗಿದೆ, ಉತ್ತರ ಇರಬೇಕಾದ ಕಡೆ ಎರಡು ಕತ್ತರಿ ಗುರುತು. ಕೊನೆಯ ವಾಕ್ಯ ಮೂರು ಬಗೆಯಲ್ಲಿ ತಯಾರಿದೆ. ಯಾವುದು ನಿಜವಾಗುತ್ತದೋ ಅದನ್ನು ಉಳಿಸಿಕೊಳ್ಳುತ್ತಾರೆ. ನಮ್ಮ ತಂಡದ ಮುಖ್ಯಸ್ಥೆ ಗಿಸ್ಲೇನ್ ಒಳ್ಳೆಯ ಕೆಲಸ ಅಂದಿದ್ದಾರೆ. ಜನವರಿ ಕಳೆದರೆ ಕಾಯಂ ಆಗಬಹುದು. ಸೇರುವಾಗಲೇ, ಒಳಗಿನ ಸುದ್ದಿ ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದಾರೆ. ಹೇಳಲು ಸದ್ಯಕ್ಕೆ ನೊಣ ಬಿಟ್ಟರೆ ಏನೂ ಇಲ್ಲ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಿ. ಇಷ್ಟು ಜನ ಇಷ್ಟು ವರ್ಷ ಯಾಕೆ ಈ ಮ್ಯುಯಾನಿನ ಹಿಂದೆ ಬಿದ್ದಿದ್ದಾರೆ? ಇಲ್ಲಿ ಕೇಳಲು ನಾಚಿಕೆ.

ನಿಮ್ಮ ಅಲೆಂಕಾ


ಕೊಂಟೊವೆಲ್, ಟ್ರಿಯೆಸ್ತೆ
ಸೆಪ್ಟೆಂಬರ್ 18

ಅಲೆಂಕಾ ಮರಿ,

ನಿನ್ನ ನೊಣ ಎಷ್ಟು ಎತ್ತರದಲ್ಲಿ ಕೂತಿತ್ತು? ಚುಕ್ಕೆಗಳ ಸಾಲಿನ ಮೇಲೋ, ಕೆಳಗೋ? ತಮಾಷೆಗೆ ಕೇಳಿದೆ. ಅಂದರೆ, ಮುಕ್ಕಾಲು ಪಾಲು ತಮಾಷೆಗೆ.

ಈಗ ಪಾಠ ಕೇಳು. ಹಿಗ್ಸ್ ಕಣಕ್ಕೆ ಉಳಿದ ಕಣಗಳ ಜತೆ ಒಂದೊಂದು ಬಲದ ನಂಟು. ಯಾವ ಕಣ ಎಷ್ಟು ಭಾರವೋ ಅದಕ್ಕೆ ಅಷ್ಟು ಗಟ್ಟಿ ನಂಟು. ಭಾರವನ್ನೂ ನಂಟನ್ನೂ ಗ್ರಾಫಿನಲ್ಲಿ ಗುರುತಿಸಿದರೆ ಎಲ್ಲವೂ ಒಂದೇ ನೇರ ಗೆರೆಯ ಮೇಲೆ ಬಂದು ಕೂರಬೇಕು. ಇಲ್ಲಿಯ ತನಕ ಅಳೆದ ದೊಡ್ಡ ಕಣಗಳೆಲ್ಲ ಶಾಲೆಯ ಮಕ್ಕಳ ಹಾಗೆ ಆ ಗೆರೆಯ ಮೇಲೆ ಕೂತಿವೆ. ಮ್ಯುಯಾನ್ ಹಗುರದ್ದು, ಅದರ ನಂಟು ಸಣ್ಣದು, ಅಳೆಯುವುದು ಕಷ್ಟ.

ನಿನ್ನ ಅಮ್ಮನ ಮದುವೆಯಲ್ಲಿ ಒಪಿಚೀನಾದಿಂದ ಒಬ್ಬ ದೂರದ ನೆಂಟ ಬಂದಿದ್ದ. ಹೆಣ್ಣು ಕಳಿಸಿಕೊಡುವಾಗ ಅಣ್ಣನಾದ ನನಗಿಂತ ಅವನೇ ಜಾಸ್ತಿ ಅತ್ತ. ಆಗ ಎಲ್ಲರೂ ಮುಖ ಮುಖ ನೋಡಿಕೊಂಡರು. ನೆಂಟಸ್ತಿಕೆ ಇಷ್ಟಿದ್ದು ಅಳು ಅಷ್ಟಿದ್ದರೆ ನಡುವೆ ನಮಗೆ ಗೊತ್ತಿಲ್ಲದ್ದು ಏನೋ ಇದೆ ಎಂದೇ ಅರ್ಥ. ಮ್ಯುಯಾನಿನ ನಂಟು ಅದರ ಭಾರಕ್ಕಿಂತ ಹೆಚ್ಚಾಗಿ ಕಂಡರೂ ಹಾಗೆಯೇ. ನಮ್ಮ ಸಿದ್ಧಾಂತದಲ್ಲಿ ಇಲ್ಲದ ಯಾರೋ ಅಲ್ಲಿದ್ದಾರೆ. ಅದು ಹಿಗ್ಸ್‌ಗೆ ಒಬ್ಬ ತಮ್ಮ ಎಂದು ನಾನು ಹತ್ತೊಂಬತ್ತು ವರ್ಷದ ಹಿಂದೆ ಬರೆದೆ. ನನ್ನ ಲೆಕ್ಕದಲ್ಲಿ ಮ್ಯುಯಾನಿನ ನಂಟು ಇರಬೇಕಾದ್ದರ ಒಂದೂವರೆಪಟ್ಟು. ಅದನ್ನು ಓದಿದವರು ಒಂಬತ್ತು ಜನ, ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ.

ಡಿಸೆಂಬರ್ ಹನ್ನೆರಡಕ್ಕೆ ನನಗೆ ಎಪ್ಪತ್ತೈದು. ಹಳೆಯ ಸಹೋದ್ಯೋಗಿಗಳು ಒಂದು ದಿನದ ಸಭೆ ಮಾಡಿ ನನ್ನಿಂದ ಭಾಷಣ ಮಾಡಿಸುತ್ತಾರಂತೆ. ನನ್ನ ವಿಚಾರ ಬದುಕಿದೆ ಎನ್ನಲೋ, ಮಣ್ಣು ಮಾಡಿದೆ ಎನ್ನಲೋ? ನೀನು ಸಂಖ್ಯೆ ಹೇಳಬೇಡ, ಸಹಿ ಹಾಕಿದ್ದೀಯ. ಜನ ಹೇಗಿದ್ದಾರೆ ಎಂದು ಬರೆ ಸಾಕು. ಯಾರು ನಗುತ್ತಿದ್ದಾರೆ, ಯಾರು ಊಟ ಬಿಟ್ಟಿದ್ದಾರೆ, ಅಷ್ಟು. ಫೋನು ಮಾತ್ರ ಬೇಡ, ಕಿವಿ ನನ್ನ ಜತೆ ಟೂ ಬಿಟ್ಟಿದೆ.

ರಾಡೊ ಮಾವ


ಮೇರಾಂ
ಅಕ್ಟೋಬರ್ 2

ಪ್ರೀತಿಯ ಮಾವ,

ಪಾಠ ಅರ್ಥವಾಯಿತು. ಒಪಿಚೀನಾದ ಆ ನೆಂಟರ ಬಗ್ಗೆ ಅಮ್ಮನನ್ನು ಕೇಳುವ ಧೈರ್ಯ ನನಗಿಲ್ಲ.

ನೊಣ ಎಲ್ಲಿ ಕೂತಿತ್ತೆಂದು ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನೀವು ಕೇಳಿದ್ದು ನನಗೆ ಹಿಡಿಸಲಿಲ್ಲ. ಯಾವ ವಾಕ್ಯ ಬರೆದರೂ ಅದರ ಹಿಂದೆ ನೀವು ಇಣುಕುತ್ತಿದ್ದೀರಿ ಅನಿಸುತ್ತದೆ.

ಇಲ್ಲಿ ನನಗೆ ತಲೆ ಚಿಟ್ಟು ಹಿಡಿದಿದೆ. ನಾನು ತಿದ್ದಿದ ಹನ್ನೆರಡು ಪುಟಕ್ಕೆ ತಂಡದ ಸದಸ್ಯರಿಂದ ಮುನ್ನೂರ ಹದಿನಾಲ್ಕು ಟಿಪ್ಪಣಿ ಬಂದಿವೆ. ಒಂದಕ್ಕೂ ಉತ್ತರ ಕೊಡದೆ ಬಿಡುವಂತಿಲ್ಲ. ಒಬ್ಬರು 'ಸ್ವಲ್ಪ' ತೆಗೆಯಿರಿ ಎನ್ನುತ್ತಾರೆ. ಇನ್ನೊಬ್ಬರು, ತೆಗೆದರೆ ದುರಹಂಕಾರವಾಗಿ ಕೇಳಿಸುತ್ತದೆ, ಹಾಕಿ ಎನ್ನುತ್ತಾರೆ. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗಿಸ್ಲೇನ್ ಬಂದು, "ಅಲೆಂಕಾ, ಇಲ್ಲಿ ಚೆನ್ನಾಗಿ ಬರೆಯೋದು ಮುಖ್ಯ ಅಲ್ಲ. ಯಾರೂ ಬೈಯದ ಹಾಗೆ ಬರೆಯೋದು ಮುಖ್ಯ" ಅಂದರು. ಅವರು ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ನಿನ್ನೆ ಮಾತ್ರ ಸ್ವಲ್ಪ ಹಗುರಾಗಿತ್ತು. ತಾಸೋಸ್ ಗಡ್ಡ ಬೋಳಿಸಿಕೊಂಡು ಬಂದ. ನಾವೆಲ್ಲ ಅವನ ಗುರುತೇ ಸಿಗದವರಂತೆ, "ಯಾರು ಬೇಕಿತ್ತು ಸ್ವಾಮಿ?" ಎಂದು ಕೇಳಿದೆವು. ಗಿಸ್ಲೇನ್ ಮನೆಯಿಂದ ಪ್ಲಮ್ ಹಣ್ಣು ತುಂಬಿ ಬೇಯಿಸಿದ ಎರಡು ದೊಡ್ಡ ಟಾರ್ಟ್ ತಂದಿದ್ದರು. ಕಾರಿಡಾರಿನಲ್ಲೇ ನಿಂತು ತಿಂದೆವು. ನನಗೂ ಎರಡು ತುಂಡು ಕೊಟ್ಟರು.

ಅಲೆಂಕಾ


ಕೊಂಟೊವೆಲ್
ಅಕ್ಟೋಬರ್ 9

ನನ್ನ ಜಾಣ ಮರಿ,

ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೂ ಎಲ್ಲ ತಿಳಿಯಿತು!

ಹರಕೆಯ ಗಡ್ಡ ಹೋಗಿದೆ, ಅಂದರೆ ಪೆಟ್ಟಿಗೆ ತೆರೆದಿದೆ. ಒಂದಲ್ಲ ಎರಡು ಟಾರ್ಟ್ ಬಂದಿವೆ, ಅದೂ ಮುಖ್ಯಸ್ಥೆಯ ಮನೆಯಿಂದ. ಗೆರೆಯ ಮೇಲೆ ಕೂತ ಮ್ಯುಯಾನಿಗೆ ಯಾರೂ ಟಾರ್ಟ್ ಬೇಯಿಸುವುದಿಲ್ಲ ಅಲೆಂಕಾ. ಐವತ್ತು ವರ್ಷ ಇವರ ನಡುವೆ ಬದುಕಿದ್ದೇನೆ. ನಿರೀಕ್ಷಿಸಿದ್ದೇ ಸಿಕ್ಕಾಗ ಇವರು ಮೌನವಾಗಿ ಊಟಕ್ಕೆ ಹೋಗುತ್ತಾರೆ, ಅಷ್ಟೇ. ನೊಣದ ವಿಷಯ ನೀನು ಅಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಾಗಲೇ ನನಗೆ ಅನುಮಾನ ಬಂದಿತ್ತು.

ನಿನ್ನ ಪತ್ರ ಬಂದ ದಿನದಿಂದ ಮೇಜು ಬಿಟ್ಟು ಎದ್ದಿಲ್ಲ. ಹಳೆಯ ಲೆಕ್ಕ ಪೂರ್ತಿ ಹೊಸದಾಗಿ ಮಾಡಿದೆ. ಹನ್ನೊಂದು ಪುಟ. ಹಳೆಯ ಶಿಷ್ಯ ದಾನಿಲೊ ಟೈಪು ಮಾಡಿಕೊಟ್ಟಿದ್ದಾನೆ, ನಾಳಿದ್ದು ಎಲ್ಲರೂ ಓದುವ ಜಾಲತಾಣಕ್ಕೆ ಹಾಕುತ್ತಾನೆ. ನಿಮ್ಮವರು ಪ್ರಕಟಿಸುವ ಮೊದಲೇ ಹಾಕಿದರೆ ಅದು ಭವಿಷ್ಯ ನುಡಿದಂತೆ, ಆಮೇಲೆ ಹಾಕಿದರೆ ಬರೀ ವ್ಯಾಖ್ಯಾನ. ಸಭೆಯವರಿಗೂ ಹೇಳಿದೆ, ಭಾಷಣ ಬದುಕಿರುವ ವಿಚಾರದ ಮೇಲೆ ಎಂದು.

ನಿನ್ನ ಅತ್ತೆ ಇದ್ದಿದ್ದರೆ ಇವತ್ತು ಹುಳಿ ಎಲೆಕೋಸಿನ ಯೋತಾ ಸಾರು ಮಾಡುತ್ತಿದ್ದಳು. ನಾನೇ ಮಾಡಿಕೊಂಡೆ. ಹುಳಿ ಜಾಸ್ತಿಯಾಯಿತು, ಆದರೂ ಎರಡು ಬಟ್ಟಲು ಕುಡಿದೆ.

ರಾಡೊ ಮಾವ


ಮೇರಾಂ
ಅಕ್ಟೋಬರ್ 14

ಮಾವ,

ಲೇಖನ ಹಾಕಿಸಬೇಡಿ. ಹಾಕಿದ್ದರೆ ವಾಪಸು ತೆಗೆಸಿ. ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ದಾನಿಲೊ ನಂಬರು ಅಮ್ಮನ ಹತ್ತಿರವೂ ಇಲ್ಲ.

ತಾಸೋಸ್ ಗಡ್ಡ ತೆಗೆದದ್ದು ಅವನ ಅಮ್ಮ ಊರಿಂದ, ವೋಲೊಸ್‌ನಿಂದ, ಬರುತ್ತಾರೆಂದು. ಮಗನ ಮುಖ ನೋಡಬೇಕು ಎಂದು ಅವರು ಫೋನಿನಲ್ಲಿ ಅತ್ತಿದ್ದರಂತೆ. ಗಿಸ್ಲೇನ್ ಮನೆಯಲ್ಲಿ ಪ್ಲಮ್ ಮರ ಈ ವರ್ಷ ಮೈತುಂಬ ಬಿಟ್ಟಿದೆ. ಜಾಮ್ ಮಾಡಿ ಸಾಕಾಗಿ ಟಾರ್ಟ್ ಮಾಡಿ ಹಂಚಿದರು. ಅಷ್ಟೇ.

ಪೆಟ್ಟಿಗೆ ತೆರೆದಿಲ್ಲ. ನಾನು ಇದನ್ನೂ ಹೇಳಬಾರದಿತ್ತು. ನಿಮ್ಮಿಂದಾಗಿ ಹೇಳಿದ್ದೇನೆ.

ಅಲೆಂಕಾ


ಕೊಂಟೊವೆಲ್
ಅಕ್ಟೋಬರ್ 21

ಅಲೆಂಕಾ ಮರಿ,

ನಿನ್ನ ಪತ್ರ ಬರುವಷ್ಟರಲ್ಲಿ ಲೇಖನ ಹೊರಗೆ ಬಂದಾಗಿತ್ತು. ಜಾಲತಾಣದಿಂದ ವಾಪಸು ತೆಗೆದರೂ ತೆಗೆದ ಗುರುತು ಹಾಗೇ ಉಳಿಯುತ್ತದೆ. ಅದು ಇನ್ನೂ ಅವಮಾನ.

ಮತ್ತೆ, ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ನೀನು ಹಾಗೆಯೇ ಬರೆಯಬೇಕು, ಇನ್ನೇನು ಬರೆಯಲಾಗುತ್ತದೆ? ಆದರೆ ಏನೂ ಇಲ್ಲದಿದ್ದರೆ ನಮ್ಮ ಅಲೆಂಕಾಗೆ ಇಷ್ಟು ಕೋಪ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗಲೂ ಸಕ್ಕರೆ ಕದ್ದ ದಿನವೇ ನಿನಗೆ ಕೋಪ ಜಾಸ್ತಿ.

ಹತ್ತು ದಿನದಲ್ಲಿ ನಾಲ್ಕು ಕಡೆ ನನ್ನ ಲೇಖನ ಉಲ್ಲೇಖವಾಗಿದೆ. ಕ್ಯೋಟೊದ ಒಬ್ಬ ಹುಡುಗಿ ಎರಡು ಪುಟದ ಪ್ರಶ್ನೆ ಕಳಿಸಿದ್ದಾಳೆ, ಒಳ್ಳೆಯ ಪ್ರಶ್ನೆಗಳು. ದಾನಿಲೊ ಅದನ್ನು ಅಚ್ಚು ಹಾಕಿ ತಂದುಕೊಟ್ಟ. ದಿನಕ್ಕೆ ಎರಡು ಸಲ ಓದುತ್ತೇನೆ.

ರಾಡೊ ಮಾವ


ಮೇರಾಂ
ಅಕ್ಟೋಬರ್ 30

ಮಾವ,

ಲೇಖನದ ಕೊನೆಯಲ್ಲಿ ನೀವು ಏನು ಬರೆದಿದ್ದೀರಿ ಎಂದು ನನಗೆ ತಿಳಿಸಿರಲಿಲ್ಲ. ನನಗೆ ತೋರಿಸಿದ್ದು ಗಿಸ್ಲೇನ್.

ಸೋಮವಾರ ಕರೆದು, "ಬಾಗ್ಲು ಹಾಕ್ಕೊಂಡು ಬಾ. ಕೂತ್ಕೋ" ಅಂದರು. ನಿಮ್ಮ ಹನ್ನೊಂದನೇ ಪುಟ ಮೇಜಿನ ಮೇಲಿತ್ತು. ಕೃತಜ್ಞತೆಯ ಸಾಲಿಗೆ ಹಳದಿ ಬಣ್ಣ ಬಳಿದಿದ್ದರು. 'ಜಿನೀವಾದಿಂದ ಬರೆದ ಉಪಯುಕ್ತ ಪತ್ರಗಳಿಗಾಗಿ, ಮುಖ್ಯವಾಗಿ ನೊಣದ ಕುರಿತ ಪತ್ರಕ್ಕಾಗಿ, ನನ್ನ ತಂಗಿಯ ಮಗಳು ಅಲೆಂಕಾಗೆ ಲೇಖಕ ಋಣಿ.'

"ಈ ನೊಣ ಯಾವ್ದು ಅಂತ ನಂಗೊತ್ತು. ನಾನೇ ಆಮೇಲೆ ಅದನ್ನ ಓಡಿಸ್ದೆ. ಇನ್ನೇನು ಬರ್ದಿದೀಯ?" ಎಂದು ಕೇಳಿದರು.

"ಏನೂ ಇಲ್ಲ."

"ಏನೂ ಇಲ್ದೆ ಒಬ್ಬ ಮನುಷ್ಯ ಹನ್ನೊಂದು ಪುಟ ಬರೀತಾರಾ?"

ಬರೆಯುತ್ತಾರೆ, ಅವರು ನನ್ನ ಮಾವ, ಎನ್ನಬೇಕು ಅನಿಸಿತು. ಮಾತು ಬರಲಿಲ್ಲ. ನನಗೆ ಯಾವತ್ತೂ ಬೇಕಾದಾಗ ಬರುವುದಿಲ್ಲ. ಟಾರ್ಟಿನ ವಿಷಯ, ಗಡ್ಡದ ವಿಷಯ ಎಲ್ಲ ತುದಿನಾಲಿಗೆಯಲ್ಲಿತ್ತು. ಹೇಳಿದರೆ ನೀವು ನಗೆಪಾಟಲಾಗುತ್ತೀರಿ ಎಂದು ಸುಮ್ಮನಿದ್ದೆ. ಅವರು ನನ್ನ ಮೌನವನ್ನು ತಪ್ಪೊಪ್ಪಿಗೆ ಅಂದುಕೊಂಡರು.

ಈಗ ನನಗೆ ಲೇಖನದ ಪ್ರತಿ ಕಳಿಸುವುದಿಲ್ಲ. ಸಭೆಗಳ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಸುರಕ್ಷತಾ ಫಲಕಗಳ ಕಾಗುಣಿತ ನೋಡುತ್ತ ಕೂತಿದ್ದೇನೆ. ತಾಸೋಸ್ ಬಂದು, "ನೋಡು ಕವಯಿತ್ರಿ, ಐದು ವರ್ಷ ದುಡಿದ್ರೂ ನಂಗೆ ಯಾರೂ ಋಣಿ ಆಗ್ಲಿಲ್ಲ. ನೀನು ಒಂದು ನೊಣ ನೋಡಿ ಲೇಖನದೊಳಗೆ ಬಂದ್‌ಬಿಟ್ಟೆ" ಅಂದ. ಆಮೇಲೆ ನನ್ನ ಮುಖ ನೋಡಿ, ಒಂದು ಲೋಟ ಕಾಫಿ ತಂದಿಟ್ಟು ಹೋದ.

ನನ್ನನ್ನು ಮುಂದುವರಿಸಬೇಕೇ ಎಂದು ಡಿಸೆಂಬರ್ ಹದಿನಾರಕ್ಕೆ ಸಮಿತಿ ಕೂರುತ್ತದೆ. "ನಿಮ್ಮ ಮಾವನ ಪತ್ರಗಳು ನಿನ್ನ ಹತ್ರ ಇದ್ರೆ ತೋರ್ಸು. ಬಲವಂತ ಇಲ್ಲ. ಆದ್ರೆ ತೋರಿಸ್ದೆ ಇದ್ರೆ ನಾನು ನಿನ್ನ ಪರ ಮಾತಾಡೋಕಾಗಲ್ಲ" ಎಂದರು ಗಿಸ್ಲೇನ್. ಇದ್ದಾವೆ. ನಾನು ಏನೂ ಹೇಳಲಿಲ್ಲ, ನೀವೇ ಊಹಿಸಿದಿರಿ ಎಂಬುದು ನಿಮ್ಮ ಕೈಬರಹದಲ್ಲೇ ಇದೆ. ಆದರೆ ಅವು ನೀವು ಬರೆದ ಪತ್ರಗಳು. ಆದ್ದರಿಂದ ಕೇಳುತ್ತಿದ್ದೇನೆ. ತೋರಿಸಲೇ?

ಅಲೆಂಕಾ


ಕೊಂಟೊವೆಲ್
ನವೆಂಬರ್ 8

ಅಲೆಂಕಾ,

ಮೂರು ಸಲ ಬರೆದು ಹರಿದು ಹಾಕಿದೆ.

ಯಾರಿಂದ ಒಂದು ಮಾತು ಸಿಕ್ಕರೂ ಅವರ ಹೆಸರು ಕೊನೆಯಲ್ಲಿ ಬರೆಯಬೇಕೆಂದು ನನಗೆ ನನ್ನ ಗುರುಗಳು ಕಲಿಸಿದ್ದು. ಐವತ್ತು ವರ್ಷದಲ್ಲಿ ಒಬ್ಬರನ್ನೂ ಬಿಟ್ಟಿಲ್ಲ. ಒಮ್ಮೆ ಕಾಫಿ ಅಂಗಡಿಯವನಿಗೂ ಬರೆದಿದ್ದೇನೆ. ನಿನ್ನ ಹೆಸರು ಅಚ್ಚಿನಲ್ಲಿ ನೋಡಿ ನಿನಗೆ ಸಂತೋಷವಾಗುತ್ತದೆ ಅಂದುಕೊಂಡೆ. ಅದರಿಂದ ನಿನಗೆ ಪೆಟ್ಟು ಬೀಳಬಹುದೆಂದು ಹೊಳೆಯಲೇ ಇಲ್ಲ. ನನ್ನ ತಲೆ ಆ ಕಡೆ ಓಡುವುದೇ ಇಲ್ಲ ನೋಡು.

ಗಿಸ್ಲೇನ್ ಅವರಿಗೆ ನಾನೇ ಬರೆಯುತ್ತೇನೆ, ನೀನು ಏನೂ ಹೇಳಲಿಲ್ಲ ಎಂದು. ಆದರೆ ಪತ್ರಗಳನ್ನು ತೋರಿಸಬೇಡ. ಪ್ಲಮ್ ಟಾರ್ಟ್ ನೋಡಿ ಲೇಖನ ಬರೆದ ಮುದುಕ ಎಂದು ಒಮ್ಮೆ ಹೆಸರು ಬಿದ್ದರೆ ಆ ಲೆಕ್ಕವನ್ನು ಮತ್ತೆ ಯಾರು ತೆರೆದು ನೋಡುತ್ತಾರೆ? ಕ್ಯೋಟೊದ ಹುಡುಗಿ ನೋಡುತ್ತಾಳೆಯೇ? ಲೆಕ್ಕ ಸರಿಯಾಗಿದೆ ಅಲೆಂಕಾ. ಬರೆಯಲು ಹೊರಟ ಕಾರಣ ತಪ್ಪಿರಬಹುದು, ಲೆಕ್ಕ ಸರಿಯಾಗಿದೆ.

ನಿನಗೆ ಇಪ್ಪತ್ತನಾಲ್ಕು ವರ್ಷ. ಇನ್ನು ಹತ್ತು ಕೆಲಸ ಸಿಗುತ್ತವೆ. ನನಗೆ ಇರುವುದು ಈ ಒಂದು ವಿಚಾರ.

ರಾಡೊ


ಕೊಂಟೊವೆಲ್
ನವೆಂಬರ್ 24

ಅಲೆಂಕಾ ಮರಿ,

ಎರಡು ವಾರವಾಯಿತು, ನಿನ್ನಿಂದ ಪತ್ರವಿಲ್ಲ. ಗಾಳಿ ಜೋರಾಗಿದೆ, ಅಂಚೆಯವನು ಬರುತ್ತಿಲ್ಲ ಎಂದುಕೊಳ್ಳುತ್ತೇನೆ. ಪಕ್ಕದ ಮನೆಗೆ ಮಾತ್ರ ಬರುತ್ತಾನೆ.

ಗಿಸ್ಲೇನ್ ಅವರಿಗೆ ಬರೆದೆ. ಎರಡೇ ಸಾಲಿನ ಉತ್ತರ ಬಂತು. 'ನೀವು ಹಾಗೆಯೇ ಹೇಳುತ್ತೀರೆಂದು ನಮಗೆ ಗೊತ್ತಿತ್ತು. ನಿಮ್ಮ ಸೌಜನ್ಯಕ್ಕೆ ವಂದನೆ.' ನಾನೇನು ಕಳ್ಳನೇ?

ಡಿಸೆಂಬರ್ ಮೂರಕ್ಕೆ ಫಲಿತಾಂಶ ಪ್ರಕಟಿಸುತ್ತಾರಂತೆ. ಪೆಟ್ಟಿಗೆ ಈಗ ತೆರೆದಿರಲೇಬೇಕು. ನಾನು ಏನೂ ಕೇಳುತ್ತಿಲ್ಲ.

ರಾಡೊ ಮಾವ


ಮೇರಾಂ
ಡಿಸೆಂಬರ್ 5

ಪ್ರೀತಿಯ ಮಾವ,

ಈಗ ಹೇಳಬಹುದು, ಎಲ್ಲರಿಗೂ ಗೊತ್ತಾಗಿದೆ. ದಾನಿಲೊ ನಿಮಗೆ ಸಂಖ್ಯೆ ಕೊಟ್ಟಿರುತ್ತಾನೆ. ಮ್ಯುಯಾನಿನ ನಂಟು ಇರಬೇಕಾದ್ದರ ಒಂದು ದಶಾಂಶ ಮೂರು ಪಟ್ಟು. ಆಚೀಚೆ ಸೊನ್ನೆ ದಶಾಂಶ ನಾಲ್ಕು.

ನಾನು ಮೊನ್ನೆ ಸಭಾಂಗಣದ ಕೊನೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ಸಂಖ್ಯೆ ಪರದೆಯ ಮೇಲೆ ಬಂದಾಗ ಯಾರೂ ಉಸಿರು ಬಿಗಿಹಿಡಿಯಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಒಂದು ಎನ್ನುವವರಿಗೂ ಇದು ಸರಿ, ಒಂದೂವರೆ ಎನ್ನುವ ನಿಮಗೂ ಸರಿ. ಮೂರು ವಾಕ್ಯಗಳಲ್ಲಿ ಮೊದಲನೆಯದನ್ನು ಉಳಿಸಿಕೊಂಡಿದ್ದಾರೆ: 'ಪ್ರಮಾಣಿತ ಸಿದ್ಧಾಂತದ ನಿರೀಕ್ಷೆಗೆ ಹೊಂದುತ್ತದೆ.' ನಾನು ತಿದ್ದಿದ ವಾಕ್ಯವೇ, ನನ್ನ ಅಲ್ಪವಿರಾಮದ ಸಮೇತ.

ಹೊರಗೆ ಗಿಸ್ಲೇನ್ ಎದುರಾದರು. ಧೈರ್ಯ ಮಾಡಿ ಕೇಳಿದೆ, ಒಂದೂವರೆಗೂ ಹೊಂದುತ್ತದಲ್ಲ, ಅದನ್ನೇಕೆ ಬರೆಯಲಿಲ್ಲ ಎಂದು. "ಒಂದೂಕಾಲಿಗೂ ಹೊಂದತ್ತೆ, ಒಂದೂವರೆಗೂ ಹೊಂದತ್ತೆ. ಹಾಗೆ ಬರೀತಾ ಹೋದ್ರೆ ಎಲ್ಲರ ಮಾವಂದಿರ ಹೆಸರೂ ಹಾಕ್ಬೇಕಾಗತ್ತೆ" ಅಂದರು. ದಣಿದಿದ್ದರು. ಮಾತಿನಲ್ಲಿ ವ್ಯಂಗ್ಯವಿತ್ತು, ಮುಖದಲ್ಲಿ ಇರಲಿಲ್ಲ. ತಾಸೋಸ್ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಬ್ಬನೇ ನಿಂತಿದ್ದ. "ಐದು ವರ್ಷ ಕಣೇ. ಐದು ವರ್ಷ ಬಾಗ್ಲು ಬಡಿದ್ರೆ ಒಳಗಿಂದ ಯಾರೋ 'ನಾಳೆ ಬಾ' ಅಂದಂಗಾಯ್ತು. ಇಲ್ಲ ಅಂದಿದ್ರೂ ಮನೆಗೆ ಹೋಗ್ತಿದ್ದೆ" ಅಂದ. ನನಗೂ ಹಾಗೇ ಅನಿಸಿತು. ನಿಮ್ಮ ಹತ್ತೊಂಬತ್ತು ವರ್ಷ, ಅವನ ಐದು, ನನ್ನ ಆರು ತಿಂಗಳು. ಕೊನೆಗೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಅಳತೆ ಇನ್ನೂ ಚೊಕ್ಕವಾಗಲು ಇನ್ನೂ ಹತ್ತು ವರ್ಷ ಬೇಕಂತೆ.

ನಾನು ತಿಂಗಳಿಡೀ ಬರೆಯದಿದ್ದುದು ಕೋಪದಿಂದ. ಗಾಳಿಯಿಂದಲ್ಲ. ನಿಮ್ಮ ನವೆಂಬರ್ ಎಂಟರ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮಗಿರುವುದು ಒಂದು ವಿಚಾರ ಎಂದಿರಿ. ಮಾವ, ನನಗೂ ಇರುವುದು ಒಂದೇ, ಕೊಟ್ಟ ಮಾತನ್ನು ಉಳಿಸಿಕೊಂಡವಳು ಎಂಬ ಹೆಸರು. ಸಭೆಯಲ್ಲಿ ಬಾಯಿ ಬಿಡಲಾಗದವಳಿಗೆ, ಎದುರು ನಿಂತು ವಾದಿಸಲಾಗದವಳಿಗೆ ಅದನ್ನು ಬಿಟ್ಟರೆ ಬೇರೆ ಆಸ್ತಿ ಇಲ್ಲ. ಈ ಕೆಲಸ ಹೋದರೆ ಇನ್ನೊಂದು ಸಿಗಬಹುದು. ಗುಟ್ಟು ಬಿಟ್ಟುಕೊಟ್ಟವಳು ಎಂಬ ಮಾತು ಆ ಹತ್ತು ಕೆಲಸಗಳಿಗೂ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ.

ನಿಮ್ಮ ಲೇಖನದ ಬಗ್ಗೆಯೂ ಯೋಚಿಸಿದೆ. ಜನ ನಗುತ್ತಾರೆ, ನಿಜ. ನಕ್ಕರೆ ಲೆಕ್ಕ ತಪ್ಪಾಗುತ್ತದೆಯೇ? ಲೆಕ್ಕ ಸರಿಯಾಗಿದೆ ಎಂದು ನೀವೇ ಬರೆದಿದ್ದೀರಿ, ನಾನು ನಂಬುತ್ತೇನೆ. ಮೊನ್ನೆಯ ಸಂಖ್ಯೆ ಅದನ್ನು ಕೊಂದಿಲ್ಲ. ಕ್ಯೋಟೊದ ಹುಡುಗಿ ಕೇಳಿದ್ದು ಸಮೀಕರಣಗಳ ಬಗ್ಗೆ ತಾನೇ, ಟಾರ್ಟಿನ ಬಗ್ಗೆ ಅಲ್ಲವಲ್ಲ.

ಅಕ್ಟೋಬರ್ ಹದಿನಾಲ್ಕರಂದು ಪೆಟ್ಟಿಗೆ ತೆರೆದಿಲ್ಲ ಎಂದು ನಾನು ನಿಮಗೆ ಬರೆದೆ. ಅಷ್ಟು ನನ್ನ ತಪ್ಪು. ಅದನ್ನೂ ಸಮಿತಿಗೆ ಹೇಳುತ್ತೇನೆ.

ಹನ್ನೊಂದರಂದು ರೈಲು ಹತ್ತುತ್ತೇನೆ. ಹನ್ನೆರಡಕ್ಕೆ ನಿಮ್ಮ ಭಾಷಣ ಕೇಳಲು ಬರುತ್ತೇನೆ. ಮದುವೆ ಮನೆಯ ಆ ಕಥೆಯನ್ನು ನನಗೆ ಬರೆದಷ್ಟೇ ಚೆನ್ನಾಗಿ ಗಡ್ಡದ ಕಥೆಯನ್ನೂ ಟಾರ್ಟಿನ ಕಥೆಯನ್ನೂ ನೀವು ಅಲ್ಲಿ ಹೇಳಬಲ್ಲಿರಿ. ಮೊದಲು ನಿಮ್ಮ ಬಾಯಿಂದ ಕೇಳಿದವರು ನಿಮ್ಮ ಜತೆ ನಗುತ್ತಾರೆ. ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನಾನು ಒತ್ತಾಯಿಸುವುದಿಲ್ಲ, ಊಟದ ಹೊತ್ತಿನಲ್ಲಿ ಆ ಮಾತೂ ಎತ್ತುವುದಿಲ್ಲ.

ಹದಿನಾರರ ಬೆಳಿಗ್ಗೆ ಹತ್ತಕ್ಕೆ ಸಮಿತಿ ಕೂರುತ್ತದೆ. ನಿಮ್ಮ ಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಅವತ್ತು ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ.

ನಿಮ್ಮ ಅಲೆಂಕಾ